ಬಚ್ಚಲಲ್ಲಿ ಹೊತ್ತು ಮಾಡುತ್ತಿದ್ದವಳು

ಮೊನ್ನೆ ಮಣಿಪಾಲದಿಂದ ಒಬ್ಬರು ಫೋನ್ ಮಾಡಿದರು. ಎರಡನೇ ಮಗಳಿಗೆ ಎಂಟು ತಿಂಗಳು, ಬಾಣಂತನಕ್ಕೆ ಜನ ಬೇಕು. "ಬೇರೆ ಯಾರೂ ಬೇಡ ಮಾರಾಯ್ರೆ. ದೊಡ್ಡವಳಿಗೆ ಬಂದಿದ್ದರಲ್ಲ, ಆ ಘಟ್ಟದ ಮೇಲಿನ ಅಮ್ಮ, ಅವರನ್ನೇ ಕಳಿಸಿ. ಎಷ್ಟು ದಿನ ಬೇಕಾದರೂ ಕಾಯ್ತೇವೆ" ಎಂದರು.

ಬೇರೆ ದಿನವಾಗಿದ್ದರೆ, ನೀವು ಕಾಯ್ತೀರಿ, ಹೆರಿಗೆ ಕಾಯ್ತದಾ ಎಂದು ನಗೆಯಾಡುತ್ತಿದ್ದೆ. ಅವತ್ತು, ಆಕೆ ತೀರಿಹೋಗಿ ತಿಂಗಳಾಯಿತು ಎಂದೆ. ಅಯ್ಯೋ ದೇವರೇ ಎಂದರು. ಆಮೇಲೆ, "ಅವರ ಹಾಗಿನವರು ಬೇರೆ ಯಾರಾದರೂ ಇದ್ದಾರಾ?" ಎಂದು ಕೇಳಿದರು.

ಗಿರಾಕಿಯ ಮುಂದೆ ಇಲ್ಲ ಎನ್ನುವ ಅಭ್ಯಾಸ ನನಗಿಲ್ಲ. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ನಾನು ಕಲಿತ ಮೊದಲ ಪಾಠವೇ ಅದು. ಅವತ್ತು ಮಾತ್ರ ಇಲ್ಲ ಎಂದೆ.

ನನ್ನ ಕಸುಬು ಇಷ್ಟೇ. ಉಡುಪಿಯ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ, ಎರಡು ಕುರ್ಚಿ, ಒಂದು ಫೋನು. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಮನೆಗಳಿಗೆ ಬಾಣಂತಿಯನ್ನೂ ಮಗುವನ್ನೂ ಮೀಯಿಸುವ, ಪಥ್ಯದ ಅಡುಗೆ ಮಾಡುವ ಹೆಂಗಸರನ್ನು ಕಳಿಸುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟುತ್ತಿದ್ದವಳು ನಾನು. ಕಟ್ಟಿದ ಬೀಡಿ ಕೊಳ್ಳುವ ಬ್ರಾಂಚಿನಲ್ಲಿ ಎಲೆ ಸರಿ ಇಲ್ಲ, ಕಟ್ಟು ಸಡಿಲ ಎಂದು ಬದಿಗೆ ತಳ್ಳುವವರ ಹತ್ತಿರ ಚೌಕಾಸಿ ಮಾಡಿ ಮಾಡಿ ಬಾಯಿ ಹರಿತವಾಯಿತು. ಅದೇ ಬಾಯಿಯಿಂದ ಇಷ್ಟು ಕಟ್ಟಿದ್ದೇನೆ. ಯಾರ ಹಂಗೂ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆ ಬಾಯಿ ಒಂದು ದಿನ ಮಾಡಿದ ಕೆಲಸವನ್ನು ಮುಂದೆ ಹೇಳಲಿಕ್ಕಿದೆ, ಅದಕ್ಕಾಗಿ.

ಆಕೆಯ ಹೆಸರು ಬರೆಯುವುದಿಲ್ಲ. ಬರೆದರೆ ಬೇರೆ ಒಂದು ಮನೆಯ ಹೆಸರೂ ಜೊತೆಗೆ ಹೊರಬೀಳುತ್ತದೆ.

ಮೊದಲ ಸಲ ಬಂದಾಗ ಬಾಗಿಲಲ್ಲೇ ನಿಂತಿದ್ದಳು. ಉದ್ದಕ್ಕೆ, ಒಣಗಿದ ಮೈ, ಐವತ್ತು ದಾಟಿದ ಮುಖ. ಉಗುರಿನ ಸಂದಿಯಲ್ಲಿ ಸಿಮೆಂಟು. ಮಣಿಪಾಲದಲ್ಲಿ ಏಳುವ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಇರುತ್ತಾರಲ್ಲ, ಆ ಪೈಕಿ.

"ಅಕ್ಕಾರ, ಬಾಣಂತ್ಯಾರಿಗೆ ಎರಿಯೋ ಕೆಲಸ ಐತಂತಲ್ರಿ. ನನಗ ಬರತೈತ್ರಿ" ಎಂದಳು. ಎರೆಯುವುದೆಂದರೆ ಅವರ ಕಡೆಯ ಮಾತಿನಲ್ಲಿ ಮೀಯಿಸುವುದು.

"ಕಾಂಕ್ರೀಟ್ ಹೊತ್ತ ಕೈ ಅಲ್ವಾ ಇದು? ಮಗುವಿನ ಮೈ ಎಂತ ಆಗ್ಬೇಕು?"

"ಕಾಂಕ್ರೀಟ್ ಕೈ ಜಾರಿದ್ರ ಮೇಸ್ತ್ರಿ ಬೈತಾನ್ರಿ. ಅದೂ ಜಾರಿಸಿಲ್ಲ ಇನ್ನೂತನಕ."

ಉತ್ತರ ಹಿಡಿಸಿತು. ಆದರೆ ನಮ್ಮ ಊರಿನ ಮನೆಗಳು ಬಾಣಂತಿ ಕೋಣೆಗೆ ಗುರುತಿಲ್ಲದವರನ್ನು ಬಿಡುವುದಿಲ್ಲ. ಭಾಷೆ ಬೇರೆ, ಊಟ ಬೇರೆ, ಮೇಲಾಗಿ ಕೂಲಿಯವಳು. ಮಣಿಪಾಲದ ಒಂದು ಫ್ಲ್ಯಾಟಿನವರನ್ನು ಒಪ್ಪಿಸಬೇಕಾದರೆ ಅರ್ಧ ದಿನ ಹೋಯಿತು. "ಮೂರು ದಿನ ನೋಡಿ. ಮಗು ಒಂದು ಸಲ ಹೆದರಿ ಅತ್ತರೆ ನಾನೇ ಸೀರೆ ಎತ್ತಿ ಕಟ್ಟಿ ಬಂದು ಮೀಯಿಸ್ತೇನೆ" ಎಂದೆ. ಮೂರನೇ ದಿನ ಅವರೇ ಫೋನ್ ಮಾಡಿ, ನಲವತ್ತು ದಿನದವರೆಗೂ ಇರಲಿ ಎಂದರು.

ಕೆಲಸಕ್ಕೆ ಹೋಗುವ ಹಿಂದಿನ ದಿನ ಕೈಗೆ ತೆಂಗಿನೆಣ್ಣೆ ಹಚ್ಚಿ, ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ಗಂಟುಗಳನ್ನು ಮೆತ್ತಗೆ ಮಾಡಿಕೊಳ್ಳುತ್ತಿದ್ದಳು. ಎಲೆ ಅಡಿಕೆ ಹಾಕುವ ಚಟ ಇತ್ತು, ಮನೆ ಹಿಡಿದ ದಿನ ಬಿಟ್ಟು ಮನೆ ಬಿಟ್ಟ ದಿನ ಹಿಡಿಯುತ್ತಿದ್ದಳು. ತುಳು ಕಲಿಯಲು ನೋಡಿದಳು. ಇಲ್ಲ ಎನ್ನಲು ತುಳುವಿನ 'ಇಜ್ಜಿ'ಗೆ ತನ್ನ 'ರೀ' ಸೇರಿಸಿ "ಇಜ್ಜಿರಿ" ಎಂದರೆ ಮನೆಯವರೆಲ್ಲ ನಗುತ್ತಿದ್ದರು. ಬಾಣಂತಿಯೂ ನಕ್ಕಳೋ ಎಂದು ತಿರುಗಿ ನೋಡುತ್ತಿದ್ದಳು. ನಕ್ಕರೆ ಇನ್ನೊಂದು ಸಲ ಹೇಳುತ್ತಿದ್ದಳು.

ಮಗು ನೋಡಲು ನೆಂಟರು ಬಂದರೆ ಕೋಣೆಯ ಹೊಸ್ತಿಲಲ್ಲಿ ಕೂತುಬಿಡುವುದು ಒಂದು ಅಭ್ಯಾಸ. ಪೌಡರು, ಫ್ರಾಕು ಹಿಡಿದು ಬಂದವರು ಸೀದಾ ತೊಟ್ಟಿಲಿಗೆ ಬಗ್ಗಿದರೆ, "ಮೊದಲ ಆಕೀನ ಮಾತಾಡಸ್ರಿ. ಕೂಸು ಎಲ್ಲಿ ಓಡಿ ಹೋಗತೈತಿ?" ಎನ್ನುವಳು. ಈ ಮಾತಿಗೆ ಒಬ್ಬ ಚಿಕ್ಕಮ್ಮ ಸಿಟ್ಟು ಮಾಡಿಕೊಂಡು ಕಾಫಿ ಕುಡಿಯದೆ ಹೋದರಂತೆ. ದೂರು ನನಗೆ ಬಂತು.

ದೂರುಗಳು ಬರುತ್ತಲೇ ಇದ್ದವು. ಹೆಚ್ಚಿನದು ಒಂದೇ: ಬಚ್ಚಲಲ್ಲಿ ಹೊತ್ತು ಮಾಡುತ್ತಾಳೆ. ಬೇರೆಯವರು ಇಪ್ಪತ್ತು ನಿಮಿಷದಲ್ಲಿ ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಬೆಚ್ಚಗೆ ಸುತ್ತಿ ಮಲಗಿಸುತ್ತಾರೆ. ಈಕೆ ಮಗುವನ್ನು ಬೇಗ ಮುಗಿಸಿ ತಾಯಿಯನ್ನು ಒಳಗೆ ಕರೆದುಕೊಂಡರೆ ಮುಕ್ಕಾಲು ಗಂಟೆ ಬಾಗಿಲು ತೆರೆಯುವುದಿಲ್ಲ. ಹಂಡೆ ಖಾಲಿ, ಕಟ್ಟಿಗೆ ಖಾಲಿ, ಫ್ಲ್ಯಾಟಾದರೆ ಕರೆಂಟಿನ ಬಿಲ್ಲು.

ಒಂದು ದಿನ ನಾನೇ ಆ ಮಣಿಪಾಲದ ಫ್ಲ್ಯಾಟಿಗೆ ಹೋದೆ. ಬಾಣಂತಿಯ ಅತ್ತೆ ಬಚ್ಚಲ ಬಾಗಿಲು ತೋರಿಸಿ, "ನೋಡಿ, ಇದು ಮೀಯುವುದಾ, ನೀರಾಟವಾ?" ಎಂದರು. ನಾನು ಬಾಗಿಲಿಗೆ ಕಿವಿಯಿಟ್ಟೆ. ನಲ್ಲಿ ಪೂರ್ತಿ ಬಿಟ್ಟಿದ್ದರು. ಆ ನೀರಿನ ಸದ್ದಿನ ಒಳಗೆ ಇನ್ನೊಂದು ಸದ್ದು. ಆ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಮ್ಮವಳ ದನಿ ಒಂದಿಷ್ಟೂ ಇಲ್ಲ. ಸಮಾಧಾನ ಹೇಳುತ್ತಿಲ್ಲ, ಸುಮ್ಮನಿರು ಎನ್ನುತ್ತಿಲ್ಲ. ನಡುನಡುವೆ ಚೊಂಬಿನಿಂದ ನೀರು ಹೊಯ್ಯುವುದು ಮಾತ್ರ ಕೇಳುತ್ತಿತ್ತು.

ಕೆಳಗೆ ಇಳಿಯುವಾಗ ಲಿಫ್ಟಿನಲ್ಲಿ ಬೈದೆ. ಆಕೆ ಸೀರೆಯ ಸೆರಗು ಹಿಂಡುತ್ತ ಹೇಳಿದಳು: "ಬಾಣಂತಿ ಅತ್ತರ ಕಣ್ಣು ಹೋಗತಾವ ಅಂತಾರ, ಹಾಲು ಬತ್ತತಾವ ಅಂತಾರ. ಕೋಣ್ಯಾಗ ಅತ್ತರ ಅತ್ತಿ ಬರತಾಳ, ಪಡಸಾಲ್ಯಾಗ ಅತ್ತರ ಮಾವ ಇರತಾನ. ಎಲ್ಲಿ ಅಳಬೇಕ್ರಿ ಆಕಿ?"

ಅತ್ತೆಗೆ ಫೋನ್ ಮಾಡಿ, ಅದು ಘಟ್ಟದ ಮೇಲಿನ ಕ್ರಮ, ಸೊಂಟಕ್ಕೆ ಬಹಳ ಒಳ್ಳೆಯದು ಎಂದೆ. ಅವರು ಒಪ್ಪಿದರು. ಆಮೇಲೆ ಅದನ್ನೇ ಎಲ್ಲ ಮನೆಗಳಿಗೂ ಹೇಳಿದೆ.

ಹೊಸ ಮನೆಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲಿ ಆಕೆಯ ವಿಚಾರಣೆ ಇರುತ್ತಿತ್ತು. ಗಂಡೋ ಹೆಣ್ಣೋ ಎಂದು ಒಮ್ಮೆಯೂ ಕೇಳಿದ್ದಿಲ್ಲ. "ಆಕಿ ತಾಯಿ ಅದಾಳೇನ್ರಿ? ಗಂಡ ಊರಾಗ ಅದಾನೋ, ಹೊರದೇಶದಾಗೋ? ಇದಕ್ಕಿಂತ ಮೊದಲ ಒಂದು ಹೋಗೇತೇನು? ಆಕಿ ಕೂಡ ಮಾತಾಡವರು ಮನ್ಯಾಗ ಯಾರದಾರು?" ನಾನು, "ನೀನೆಂತ ಜನಗಣತಿಗೆ ಹೊರಟದ್ದಾ?" ಎಂದು ತಮಾಷೆ ಮಾಡುತ್ತಿದ್ದೆ. ಬಾಣಂತಿಯರ ಮನಸ್ಸು ಕುಸಿಯುವುದನ್ನು ನೋಡುವ ಡಾಕ್ಟರರು ಕೂಡ ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು ಕೇಳುತ್ತಾರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಶಾಲೆಯ ಮೆಟ್ಟಿಲು ಹತ್ತದವಳಿಗೆ ಅದು ಹೇಗೆ ಗೊತ್ತಿತ್ತು ಎಂಬುದೂ ಆಮೇಲೆಯೇ ತಿಳಿಯಿತು.

ಪೆರ್ಡೂರಿನ ಒಂದು ಮನೆಯ ಸಂಗತಿ ಹೇಳಬೇಕು. ಎರಡನೆಯದೂ ಹೆಣ್ಣು. ಬಾಣಂತಿ ಊಟ ಬಿಟ್ಟಿದ್ದಳು, ಮಗು ನಿದ್ದೆ ಮಾಡಿದರೂ ತಾನು ಮಲಗುತ್ತಿರಲಿಲ್ಲ, ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಹತ್ತು ದಿನ ನೋಡಿ ನಮ್ಮವಳು ಮನೆಯ ಯಜಮಾನರ ಮುಂದೆ ನಿಂತು, "ಆಕೀಗೆ ರಕ್ತ ಕಡಿಮಿ ಐತ್ರಿ. ಉಗುರು ಬೆಳ್ಳಗಾಗ್ಯಾವ. ಲಗೂನ ದವಾಖಾನಿಗೆ ತೋರಸ್ರಿ" ಎಂದಳಂತೆ. ಆ ಸಂಜೆಯೇ ಕಾರು ಬಂತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲರನ್ನೂ ಹೊರಗೆ ಕಳಿಸಿ ಆ ಹುಡುಗಿಯ ಹತ್ತಿರ ಒಬ್ಬರೇ ಅರ್ಧ ಗಂಟೆ ಮಾತಾಡಿದರು, ಇನ್ನೊಬ್ಬ ಡಾಕ್ಟರರಿಗೆ ತೋರಿಸಿದರು, ಮದ್ದು ಕೊಟ್ಟರು. ಎರಡು ಮೂರು ತಿಂಗಳಲ್ಲಿ ಹುಡುಗಿ ಎದ್ದು ಓಡಾಡಿದಳು.

"ಉಗುರು ನೋಡಿ ರಕ್ತ ಹೇಳುವ ವಿದ್ಯೆ ಯಾವಾಗ ಕಲಿತದ್ದು ಮಾರಾಯ್ತಿ?" ಎಂದು ಕೇಳಿದೆ.

"ಉಗುರು ಯಾರ ನೋಡ್ಯಾರ್ರಿ ಅಕ್ಕಾರ! ಮನಸು ಸರಿ ಇಲ್ಲ ಅಂದ್ರ ಬಾಯಿ ಮುಚ್ಚಂತಾರ, ಇಲ್ಲಾ ತಾಯತ ಕಟ್ಟಸಾಕ ಕರಕೊಂಡು ಹೋಗತಾರ. ರಕ್ತ ಇಲ್ಲ ಅಂದ್ರ ಗಾಡಿ ತರತಾರ."

ನಾನು ಹೊಟ್ಟೆ ಹಿಡಿದು ನಕ್ಕೆ. ಗಿರಾಕಿ ಯಾವ ಹೆಸರಿಗೆ ಒಪ್ಪುತ್ತಾನೋ ಆ ಹೆಸರು ಹೇಳಿ ಸರಕು ದಾಟಿಸಬೇಕು, ಇದು ನನ್ನದೇ ಕಸುಬು. ನೀನು ನನಗಿಂತ ದೊಡ್ಡ ವ್ಯಾಪಾರಿ ಎಂದೆ. ಹಾಗಾಗಿ ಆಕೆ ರಕ್ತ ಕಡಿಮೆ ಎಂದರೆ ಎಂತ ಅರ್ಥ ಎಂಬುದು ಈ ಭೂಮಿಯ ಮೇಲೆ ಇಬ್ಬರಿಗೆ ಗೊತ್ತಿತ್ತು. ಆಕೆಗೆ, ನನಗೆ.

ಅದರ ಮರುವರ್ಷ ಕಾರ್ಕಳದ ಮನೆ.

ಒಳ್ಳೆಯ ಮನೆ. ಸೊಸೆಯ ಬಾಣಂತನಕ್ಕೆ ಅತ್ತೆ ಯಾವುದಕ್ಕೂ ಕಡಿಮೆ ಮಾಡಿದವರಲ್ಲ. ಮೆಂತೆ ಗಂಜಿ, ಕಾಳುಮೆಣಸಿನ ಸಾರು, ಗಾಣದಿಂದ ತಂದ ಎಣ್ಣೆ, ಎಲ್ಲ ಹೊತ್ತು ಹೊತ್ತಿಗೆ. ಅವರ ಬಾಯಿಮಾತಿನಿಂದ ನನಗೆ ಆ ಕಡೆ ಇನ್ನೂ ಮೂರು ಮನೆ ಸಿಕ್ಕಿತ್ತು. ಸೊಸೆಗೆ ಇಪ್ಪತ್ತಾರು ಇಪ್ಪತ್ತೇಳು. ತಾಯಿ ಕಾಲೇಜಿಗೆ ಹೋಗುವಾಗಲೇ ತೀರಿಹೋಗಿದ್ದರು, ಅದಕ್ಕೇ ಚೊಚ್ಚಲ ಬಾಣಂತನ ಗಂಡನ ಮನೆಯಲ್ಲಿ. ಗಂಡ ಮಸ್ಕತ್ತಿನಲ್ಲಿ, ಹೆರಿಗೆಗೆ ಬಂದು ಎಂಟು ದಿನ ಇದ್ದು ಹೋದ. ಹಿಂದಿನ ವರ್ಷ ನಾಲ್ಕು ತಿಂಗಳಲ್ಲಿ ಒಂದು ಹೋಗಿತ್ತು. ಇದು ಎಂಟಕ್ಕೇ ಹುಟ್ಟಿತು. ಹದಿನೆಂಟು ದಿನ ಮಣಿಪಾಲದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿತ್ತು, ಬದುಕಿ ಮನೆಗೆ ಬಂತು.

ಇಷ್ಟನ್ನೂ ದಾರಿಯಲ್ಲಿ ಆಕೆಯ ಪ್ರಶ್ನೆಗಳಿಗೆ ಉತ್ತರವಾಗಿ ಹೇಳುತ್ತ ಹೋದೆ. ಕೊನೆಗೆ ಆಕೆ, "ಇಷ್ಟೂ ಒಬ್ಬಾಕಿಗೇ ಏನ್ರಿ?" ಎಂದಳು.

ಹತ್ತು ದಿನಕ್ಕೆ ಫೋನು ಬಂತು. "ಅಕ್ಕಾರ, ಈ ಹುಡುಗಿ ಕೂಸಿನ ಮಾರಿ ನೋಡವಲ್ಲಳ್ರಿ. ಹಾಲು ಕುಡಸತಾಳ, ಬಟ್ಟಿ ಬದಲಸತಾಳ, ಎಲ್ಲಾ ಹೊತ್ತಿಗೆ ಸರಿ ಮಾಡತಾಳ. ನರ್ಸಮ್ಮ ಮಾಡಿದಂಗ ಮಾಡತಾಳ. ಬಚ್ಚಲದಾಗ ಎಷ್ಟು ಹೊತ್ತು ಕುಂದ್ರಿಸಿದರೂ ಅಳವಲ್ಲಳು."

"ಅಳದಿದ್ದರೆ ಒಳ್ಳೆಯದೇ ಅಲ್ವಾ?"

"ಅಳೋವ್ರಿಗೆ ನಾ ಅಂಜಂಗಿಲ್ರಿ. ನಿನ್ನೆ ನನಗ ಕೇಳಿದ್ಲು, ಅಮ್ಮ, ನಾನು ಇಲ್ಲದಿದ್ದರೆ ಇದನ್ನು ನೀವು ನೋಡ್ಕೊಳ್ತೀರಾ ಅಂತ."

ಬಾಣಂತಿಯರು ಹತ್ತು ಹೇಳುತ್ತಾರೆ, ತಲೆಗೆ ಹಚ್ಚಿಕೊಳ್ಳಬೇಡ ಎಂದು ಫೋನಿಟ್ಟೆ.

ಎರಡು ದಿನ ಬಿಟ್ಟು ಅತ್ತೆಯ ಫೋನು. "ಎಂತ ಮಾರಾಯ್ರೆ, ನಿಮ್ಮ ಹೆಂಗಸು ಸೊಸೆಗೆ ರಕ್ತ ಕಡಿಮೆ ಉಂಟು, ನಾಳೆಯೇ ಮಣಿಪಾಲಕ್ಕೆ ಕರ್ಕೊಂಡು ಹೋಗಿ ಅಂತ ಕೂತಿದ್ದಾಳೆ. ಆಸ್ಪತ್ರೆಯಿಂದ ಬಂದೇ ಹದಿನೈದು ದಿನ ಆಗ್ಲಿಲ್ಲ. ಹಸಿ ಮೈಯಲ್ಲಿ ಪುನಃ ಅಷ್ಟು ದೂರವಾ? ಮೂರು ಹೆತ್ತಿದ್ದೇನೆ ನಾನು, ನನಗೆ ಇದೆಲ್ಲ ಇರ್ಲಿಲ್ಲಪ್ಪ. ನೀವೇ ಹೇಳಿ, ಹೋಗ್ಬೇಕಾ?"

ನೀವೇ ಹೇಳಿ ಎಂದರು. ನಾನು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

"ಅವಳೆಂತ ಡಾಕ್ಟ್ರಾ ಅಮ್ಮ? ಹೆತ್ತವರು ಸ್ವಲ್ಪ ಬೆಳ್ಳಗೆ ಇರುವುದೇ. ಖರ್ಜೂರ ಕೊಡಿ, ಬೀಟ್‌ರೂಟ್ ಕೊಡಿ. ನಲವತ್ತು ಆಗ್ಲಿ, ಆಮೇಲೆ ನೋಡುವ."

ಅತ್ತೆಗೆ ಬೇಕಾದದ್ದು ಆ ಉತ್ತರ. ಕೇಳುವವರಿಗೆ ಯಾವ ಉತ್ತರ ಬೇಕು ಎಂಬುದು ದನಿಯಲ್ಲೇ ನನಗೆ ಗೊತ್ತಾಗುತ್ತದೆ, ಇಷ್ಟು ವರ್ಷ ಅನ್ನ ಕೊಟ್ಟದ್ದೇ ಆ ವಿದ್ಯೆ. ರಕ್ತ ಎಂದರೆ ಏನೆಂದೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಆ ಮನೆಯ ಮೂಲಕ ಬರಲಿದ್ದ ಮನೆಗಳು ಕಣ್ಣ ಮುಂದಿದ್ದವು.

ನಲವತ್ತರ ವಿಷಯವೂ ಹೇಳಬೇಕು. ನಮ್ಮಲ್ಲಿ ನಲವತ್ತನ್ನು ಎಣಿಸುವುದು ಹೆರಿಗೆಯ ದಿನದಿಂದ. ಆಸ್ಪತ್ರೆಯ ಹದಿನೆಂಟು ದಿನವೂ ಅದರಲ್ಲೇ ಹೋಯಿತು. ಆ ಹುಡುಗಿಗೆ ಬಾಣಂತಿ ನೀರು ಸಿಕ್ಕಿದ್ದು ಇಪ್ಪತ್ತೆರಡು ದಿನ ಮಾತ್ರ. ಇನ್ನಷ್ಟು ದಿನ ಇರುತ್ತೇನೆಂದು ನಮ್ಮವಳು ಅಂಗಲಾಚಿದಳು. ಕಾಪುವಿನ ಒಂದು ಕೊಂಕಣಿ ಮನೆಯವರಿಗೆ ನಾನು ಮಾತು ಕೊಟ್ಟಾಗಿತ್ತು. ಕ್ರಮ ಎಂದರೆ ಕ್ರಮ ಎಂದು ನಲವತ್ತನೇ ದಿನ ಕಾರು ತೆಗೆದುಕೊಂಡು ನಾನೇ ಹೋದೆ.

ಹುಡುಗಿ ಕೋಣೆಯಿಂದ ಹೊರಗೆ ಬಂದಳು. ತಲೆ ಬಾಚಿತ್ತು, ನೈಟಿಯ ಮೇಲೆ ಶಾಲು ಸರಿಯಾಗಿ ಹೊದ್ದಿತ್ತು. ಮೆಲ್ಲಗೆ, "ಆಂಟಿ, ಅಮ್ಮ ಇನ್ನೊಂದು ವಾರ ಇರ್ಬಹುದಾ?" ಎಂದಳು.

"ನಲವತ್ತಾಯ್ತಲ್ಲ, ಇನ್ನು ನೀವೇ ಮನೆಗೆ ರಾಣಿ!" ಎಂದೆ. ಅತ್ತೆ ನಕ್ಕರು, ನಾನೂ ನಕ್ಕೆ. ಹುಡುಗಿಯೂ ತುಟಿ ಅಗಲಿಸಿದಳು. ನಮ್ಮವಳು ಮಾತ್ರ ಮಗುವನ್ನು ಅತ್ತೆಯ ಕೈಗೆ ಕೊಡದೆ, ಹುಡುಗಿಯ ಕೈಗೂ ಕೊಡದೆ, ಎತ್ತಿಕೊಂಡೇ ಇದ್ದಳು. ಕೊನೆಗೆ ನಾನೇ ತೆಗೆದು ತೊಟ್ಟಿಲಿಗೆ ಹಾಕಿದೆ.

ಬೆಳ್ಮಣ್ಣು ದಾಟಿ ನಂದಿಕೂರಿನ ಕರೆಂಟು ಕಾರ್ಖಾನೆಯ ಚಿಮಣಿ ಕಂಡಿತು. ಆಮೇಲೆ ಆಕೆ ಕಿಟಕಿಯ ಕಡೆ ನೋಡಿಕೊಂಡೇ ಶುರುಮಾಡಿದಳು.

"ನನ್ನ ಮೊದಲನೇ ಕೂಸು ಮಣಿಪಾಲದಾಗ ಹುಟ್ಟಿದ್ದು, ಕಟ್ಟೋ ಬಿಲ್ಡಿಂಗಿನ ಬಾಜೂಕ. ಹನ್ನೊಂದನೇ ದಿನಕ್ಕ ಉಸುಕು ಹೊರಾಕ ಹ್ವಾದ್ನಿ. ಅವ್ವ ಊರಾಗ. ಗಂಡ ಕುಡದು ಬೀಳಾಂವ. ಒಂದಿನ ಕೂಸಿನ್ನ ಉಸುಕಿನ ಗುಂಪಿ ಮ್ಯಾಲ ಮಲಗಿಸಿ ನಾಕನೇ ಮಾಳಿಗಿ ಹತ್ತಿದ್ನಿ. ಗ್ವಾಡಿ ಇನ್ನಾ ಕಟ್ಟಿದ್ದಿಲ್ಲ. ಅಂಚಿಗೆ ಹೋಗಿ ಕುಂತ್ನಿ. ಬಾಳ ಹೊತ್ತು ಕುಂತಿದ್ನಿ."

"ಆಮೇಲೆ?"

"ಕೂಡ ಕೆಲಸ ಮಾಡಾಕಿ ಒಬ್ಬಾಕಿ ಕೆಳಗಿಂದ ಚಾ ಕುಡಿಯಾಕ ಕರದ್ಲು. ಇಳದು ಹ್ವಾದ್ನಿ. ಅಷ್ಟ. ಆ ಕೂಸು ಈಗ ಎರಡು ಮಕ್ಕಳ ತಾಯಿ ಆಗ್ಯಾಳ." ನನ್ನ ಕಡೆ ತಿರುಗಿ, "ಗಾಡಿ ತಿರಗಸ್ರಿ ಅಕ್ಕಾರ" ಎಂದಳು.

"ಕಾಪುವಿನವರು ಬೆಳಿಗ್ಗೆಯಿಂದ ಕಾಯ್ತಾ ಇದ್ದಾರೆ" ಎಂದೆ. ಗಾಡಿ ತಿರುಗಿಸಲಿಲ್ಲ.

ಆರನೇ ದಿನ ಮಧ್ಯಾಹ್ನ ಕಾರ್ಕಳದ ಆ ಹುಡುಗಿ ತನ್ನ ಜೀವ ತಾನೇ ತೆಗೆದುಕೊಂಡಳು. ಹೇಗೆ ಎಂದು ಬರೆಯುವುದಿಲ್ಲ, ಯಾರೂ ಕೇಳಲೂಬಾರದು. ಅತ್ತೆ ಅಡುಗೆಮನೆಯಲ್ಲಿ ಅವಳಿಗೇ ಗಂಜಿ ಬಡಿಸುತ್ತಿದ್ದರಂತೆ. ಊರಿಗೆ ಮನೆಯವರು ಕಾಲು ಜಾರಿತು ಎಂದರು. ಕೇಳಿದ ಇಬ್ಬರ ಹತ್ತಿರ ನಾನೂ ಹಾಗೇ ಹೇಳಿದೆ.

ಸುದ್ದಿಯನ್ನು ಫೋನಿನಲ್ಲಿ ಹೇಳಲು ಧೈರ್ಯ ಬರದೆ ಕಾಪುವಿಗೆ ಹೋದೆ. ಆಕೆ ಅಂಗಳದಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದಳು. ಹೇಳಿದೆ. ಕೈಯಲ್ಲಿದ್ದ ಬಟ್ಟೆಯನ್ನು ಹಗ್ಗದ ಮೇಲೆ ಹಾಕಿ, ಮಡಿಕೆ ಬಿಡಿಸಿ, ನೆಲದ ಮೇಲೆ ಕೂತಳು.

"ಕೂಸು?"

"ಉಂಟು."

ಅಷ್ಟೇ. ಆಕೆಯ ಬಾಯಿಂದ 'ನಾನು ಅವತ್ತೇ ಹೇಳಿದ್ದೆನಲ್ಲ' ಎಂಬ ಮಾತಿಗಾಗಿ ಕಾದೆ. ಅದಕ್ಕೆ ದಾರಿಯುದ್ದಕ್ಕೂ ಉತ್ತರ ತಯಾರು ಮಾಡಿಕೊಂಡು ಬಂದಿದ್ದೆ. ಆ ಮಾತನ್ನು ಆಕೆ ಅವತ್ತು ಆಡಲಿಲ್ಲ, ಆಮೇಲೆ ಬದುಕಿದ್ದಷ್ಟು ವರ್ಷ ಆಡಲಿಲ್ಲ. ನನ್ನ ಉತ್ತರಗಳು ನನ್ನ ಹತ್ತಿರವೇ ಉಳಿದವು.

ಕೇಳದಿದ್ದರೂ ಬುದ್ಧಿ ಹೇಳುವವಳು ಎಂದು ನನಗೆ ಹೆಸರುಂಟು. ಹೇಳಿಯೇ ಬಿಡುತ್ತೇನೆ. ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ ಮಗು ಹಾಲು ಕುಡಿಯಿತಾ ಎನ್ನುವ ಮೊದಲು ನೀನು ನಿದ್ದೆ ಮಾಡಿದೆಯಾ ಎಂದು ಕೇಳಿ. ತಾಯಿ ಇಲ್ಲದವಳು, ಗಂಡ ದೂರ ಇರುವವಳು, ಮೊದಲೊಂದು ಕಳೆದುಕೊಂಡವಳು, ಹಿಂದೆ ಯಾವಾಗಲಾದರೂ ಮನಸ್ಸು ಕುಗ್ಗಿದ್ದವಳು, ಮಗುವನ್ನು ಆಸ್ಪತ್ರೆಯಲ್ಲಿ ಬಿಟ್ಟು ಬರಿಗೈಯಲ್ಲಿ ಮಲಗಿದವಳು, ಹೆಣ್ಣಾಯಿತು ಎಂಬ ಮಾತು ಕೇಳಿಸಿಕೊಂಡವಳು, ಇವರ ಮೇಲೆ ಒಂದು ಕಣ್ಣು ಹೆಚ್ಚಿರಲಿ. ಎಲ್ಲ ಇದ್ದವಳಿಗೂ ಬರಬಹುದು, ಅದೂ ಗೊತ್ತಿರಲಿ. ನಾನಿಲ್ಲದಿದ್ದರೆ ಎಂಬ ಮಾತು ಬಂದರೆ ಆ ದಿನವೇ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ, ಒಬ್ಬಳನ್ನೇ ಬಿಡಬೇಡಿ. ಹಸಿ ಮೈ, ದೂರದ ದಾರಿ, ಜನ ಎಂತ ಹೇಳಿಯಾರು, ಇದ್ಯಾವುದೂ ಲೆಕ್ಕಕ್ಕಿಲ್ಲ. ಇದಕ್ಕೆ ಮದ್ದುಂಟು, ಪೆರ್ಡೂರಿನ ಹುಡುಗಿ ಈಗ ಟೀಚರು. ನನ್ನಂಥವಳಿಗೆ ಫೋನ್ ಮಾಡಿ ಹೋಗಬೇಕಾ ಎಂದು ಮಾತ್ರ ಕೇಳಬೇಡಿ.

ಈಗ ನಾನು ನಲವತ್ತು ಎಣಿಸುವುದಿಲ್ಲ. ನೋಡಿಕೊಳ್ಳುವ ಹೆಂಗಸೇ ಸಾಕು ಎನ್ನುವವರೆಗೆ ಬೇರೆ ಮನೆಗೆ ಮಾತು ಕೊಡುವುದಿಲ್ಲ. ಕೆಲವು ಗಿರಾಕಿಗಳು ಬಿಟ್ಟು ಹೋದರು.

ಆಕೆ ಆ ಕಾರ್ಕಳದ ಮಗು ಅಂಗನವಾಡಿಗೆ ಹೋಗುವವರೆಗೆ ಅಲ್ಲೇ ಇದ್ದಳು. ಆಮೇಲೆ ಮತ್ತೆ ನನ್ನ ಮನೆಗಳಿಗೆ ಹೋಗತೊಡಗಿದಳು. ಕಳೆದ ತಿಂಗಳು ಊರಿನಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡಳು, ಎದೆನೋವು ಎಂದರಂತೆ. ಸುದ್ದಿ ತಿಳಿದು ಕಾರ್ಕಳದ ಅತ್ತೆ ಆ ಮಗುವನ್ನು ಕರೆದುಕೊಂಡು ಬಸ್ಸಿನಲ್ಲಿ ಅಷ್ಟು ದೂರ ಹೋಗಿ ಬಂದರು. ನಾನು ಹೋಗಲಿಲ್ಲ.

ಆ ಮನೆಯೊಳಗೆ ಆಕೆ ಮತ್ತೆ ಹೋದದ್ದು ಹೇಗೆ ಎಂಬುದೊಂದು ಉಳಿಯಿತು.

ಆ ಹುಡುಗಿಯ ಹದಿಮೂರನೇ ದಿನದ ಕ್ರಿಯೆ ಕಳೆದ ಮರುದಿನ ಆಕೆ ನನ್ನ ಕೋಣೆಗೆ ಬಂದು ನಿಂತಳು. ಕಾಪುವಿನವರಿಗೆ ತಾನೇ ಹೇಳಿ ಬಿಟ್ಟು ಬಂದಿದ್ದಳು.

"ನನ್ನ ಕಾರ್ಕಳಕ್ಕ ಕಳಸ್ರಿ. ಆ ಕೂಸಿಗೆ ಎರಿಯಾಕ ಯಾರದಾರು?"

"ಅವರು ನಿನ್ನ ಮುಖ ನೋಡ್ಲಿಕ್ಕೆ ಒಪ್ಪುವುದಿಲ್ಲ ಮಾರಾಯ್ತಿ."

"ಒಪ್ಪಸೋದು ನಿಮ್ಮ ಕೆಲಸ ಅಲ್ಲೇನ್ರಿ?"

ಹೋದೆವು. ಅತ್ತೆ ಜಗಲಿಯ ಮೆಟ್ಟಿಲಲ್ಲಿ ನಿಂತಿದ್ದರು, ಹದಿನೈದು ದಿನದಲ್ಲಿ ಹತ್ತು ವರ್ಷ ಹೆಚ್ಚಾದ ಹಾಗೆ. ಒಳಗೆ ಮಗು ಅಳುತ್ತಿತ್ತು. ನಾನು ನನ್ನ ಎಂದಿನ ದನಿ ತೆಗೆದೆ. ಸಣ್ಣ ಮಗು, ತಿಳಿದವರ ಕೈ ಬೇಕು, ನಿಮಗೂ ವಯಸ್ಸಾಯಿತು, ಎಷ್ಟು ದಿನ ಬೇಕಾದರೂ ಇರುತ್ತಾಳೆ. ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ನನ್ನ ಹಿಂದೆ ನಿಂತವಳನ್ನು ನೋಡುತ್ತಿದ್ದರು.

"ಇವಳು ಅವತ್ತೇ ಹೇಳಿದ್ದಳು. ದಿನಾ ಇವಳ ಮುಖ ನೋಡಿಕೊಂಡು ನಾನು ಈ ಮನೆಯಲ್ಲಿ ಬದುಕ್ಬೇಕಾ? ಹೋಗಿ. ಇಬ್ಬರೂ ಹೋಗಿ."

ಚೌಕಾಸಿಯಲ್ಲಿ ಕೈಯಲ್ಲಿರುವುದನ್ನು ಕೊನೆಯವರೆಗೆ ತೋರಿಸಬಾರದು ಎಂದು ಎಷ್ಟೋ ಜನರಿಗೆ ಕಲಿಸಿದ್ದೇನೆ. ಅವತ್ತು ನನ್ನ ಕೈಯಲ್ಲಿದ್ದದ್ದು ಒಂದೇ.

"ಇವಳು ರಕ್ತ ಅಂದರೆ ಮನಸ್ಸು ಅಂತ ಅರ್ಥ" ಎಂದೆ. "ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೋಗುವುದು ಬೇಡ ಅಂದೆ. ನೀವು ನನ್ನನ್ನು ಕೇಳಿದಿರಿ. ತಪ್ಪು ಹೇಳಿದ್ದು ನಾನು."

ಅವರು ಈಗ ನನ್ನನ್ನು ನೋಡಿದರು.

"ಗೊತ್ತಿತ್ತಾ?"

"ಗೊತ್ತಿತ್ತು."

"ನೀವು ಹೋಗಿ ಅಂದಿದ್ದರೆ ನಾನು ಹೋಗ್ತಿದ್ದೆ" ಎಂದರು. ದನಿ ಏರಲಿಲ್ಲ. "ಬೈದುಕೊಂಡಾದರೂ ಹೋಗ್ತಿದ್ದೆ. ಹೋಗಿದ್ದರೆ ಅವಳು ಉಳಿತಿದ್ದಳಾ?"

ಸುಳ್ಳು ಹೇಳಬಹುದಿತ್ತು. ಯಾವ ಉತ್ತರ ಕೊಟ್ಟರೆ ಅವರಿಗೆ ಆ ರಾತ್ರಿ ನಿದ್ದೆ ಬರುತ್ತದೆ ಎಂದು ದನಿಯಲ್ಲೇ ಗೊತ್ತಾಗಿತ್ತು.

"ಉಳಿತಿದ್ದಳು ಅಂತ ಕಾಣ್ತದೆ" ಎಂದೆ.

ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. ಆಕೆ ನಮ್ಮಿಬ್ಬರ ನಡುವೆ ದಾಟಿ ಬಂದು ಚಪ್ಪಲಿ ಬಿಟ್ಟಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೂಸು ಯಾವ ಕೋಣ್ಯಾಗ ಐತ್ರಿ ಅವ್ವಾರ?"

ಅತ್ತೆ ತಲೆ ಎತ್ತಲಿಲ್ಲ. ಕೈ ಮಾತ್ರ ಎತ್ತಿ ಒಳಗೆ ತೋರಿಸಿದರು. ಆಕೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅಳು ನಿಂತಿತು. ನಾನು ಅಂಗಳದಲ್ಲೇ ನಿಂತಿದ್ದೆ. ನನ್ನನ್ನು ಯಾರೂ ಒಳಗೆ ಕರೆಯಲಿಲ್ಲ.